ಸೀಸದ ಕಡ್ಡಿಯಿಂದ ಗ್ರಾಫೀನಿನವರೆಗೆ

ಪದಾರ್ಥವೊಂದಕ್ಕೆ ಹೆಸರಿಡುವುದು ಸುಲಭವೆಂದು ತೋರಬಹುದು. ಆದರೆ ಇಟ್ಟ ಹೆಸರು ತಪ್ಪಾದರೆ ಅದನ್ನು ತಿದ್ದುವುದು ತಲೆಮಾರುಗಳು ಕಳೆದರೂ ಸಾಧ್ಯವಾಗದು. ನಮ್ಮ ಮಕ್ಕಳು ದಿನವೂ ಕೈಯಲ್ಲಿ ಹಿಡಿಯುವ 'ಸೀಸದ ಕಡ್ಡಿ'ಯೇ ಇದಕ್ಕೆ ನಿದರ್ಶನ. ಅದರಲ್ಲಿ ಸೀಸದ ಲವಲೇಶವೂ ಇಲ್ಲ. ಒಳಗಿರುವುದು ಜೇಡಿಮಣ್ಣಿನೊಡನೆ ಬೆರೆಸಿ ಸುಟ್ಟ ಗ್ರಾಫೈಟ್, ಎಂದರೆ ಇಂಗಾಲದ ಒಂದು ರೂಪ. ಆ ಕಪ್ಪು ಖನಿಜವನ್ನು ಯೂರೋಪಿನವರು ಹಿಂದೆ ಸೀಸದ ಬಗೆಯೆಂದು ಭ್ರಮಿಸಿದ್ದರು. 1779ರಲ್ಲಿ ಷೀಲೆ ಎಂಬ ರಸಾಯನವಿಜ್ಞಾನಿ ಅದು ಇಂಗಾಲವೆಂದು ತೋರಿಸಿದನು. 1789ರಲ್ಲಿ ವೆರ್ನರ್ ಎಂಬ ಖನಿಜವಿಜ್ಞಾನಿ 'ಬರೆ' ಎಂಬರ್ಥದ ಗ್ರೀಕ್ ಧಾತುವಿನಿಂದ ಗ್ರಾಫೈಟ್ ಎಂದು ಹೆಸರಿಟ್ಟನು. ಭ್ರಮೆ ಹೋಯಿತು, ಹೆಸರು ಮಾತ್ರ ಅಲ್ಲಿಯೂ ಇಲ್ಲಿಯೂ ಉಳಿಯಿತು.

ಈ ಗ್ರಾಫೈಟ್ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ವಸ್ತು. ಕಡ್ಡಿಯಿಂದ ಬರೆಯುವಾಗ ಪದರಗಳು ಜಾರಿ ಕಾಗದಕ್ಕೆ ಅಂಟುತ್ತವೆ. ಅಂತಹ ಒಂದೇ ಒಂದು ಪದರವನ್ನು ಬಿಡಿಸಿದರೆ ದೊರೆಯುವುದೇ ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಗೈಮ್ ಮತ್ತು ನೊವೊಸೆಲೊವ್ ಎಂಬ ವಿದ್ವಾಂಸರು ಸಾಮಾನ್ಯ ಅಂಟುಪಟ್ಟಿಯ ಸಹಾಯದಿಂದ ಇದನ್ನು ಬೇರ್ಪಡಿಸಿ, 2010ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇದರ ದಪ್ಪ ಒಂದು ಪರಮಾಣುವಿನಷ್ಟು. ಪ್ರತಿಯೊಂದು ಪರಮಾಣುವೂ ನೆರೆಯ ಮೂರನ್ನು ಹಿಡಿದುಕೊಂಡು ಜೇನುಗೂಡಿನಂತೆ ಷಟ್ಕೋನಗಳ ಜಾಲವನ್ನು ಹೆಣೆದಿದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಮಾತ್ರ ಹೀರುವ ಈ ಹಾಳೆ ಉಕ್ಕಿಗಿಂತ ನೂರು ಪಟ್ಟಿಗೂ ಮಿಗಿಲಾದ ಬಲವುಳ್ಳದ್ದು. ವಿದ್ಯುತ್ತಿಗೂ ಶಾಖಕ್ಕೂ ಉತ್ತಮ ವಾಹಕ. ಆದರೂ ಅತ್ಯುತ್ಸಾಹ ಸಲ್ಲದು. ವಿದ್ಯುತ್ಪ್ರವಾಹವನ್ನು ಬೇಕಾದಾಗ ಪೂರ್ತಿಯಾಗಿ ತಡೆಯುವ ಗುಣ ಇದಕ್ಕೆ ಸಹಜವಾಗಿ ಇಲ್ಲದಿರುವುದರಿಂದ ಗಣಕಯಂತ್ರದ ಸಿಲಿಕಾನಿನ ಸ್ಥಾನವನ್ನು ಇದು ಆಕ್ರಮಿಸಲಾಗಿಲ್ಲ.

ಇದರ ಮತ್ತೊಂದು ಉಪಯೋಗ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವುದರಲ್ಲಿದೆ. ಒಂದು ಗ್ರಾಂ ಗ್ರಾಫೀನಿನ ಎರಡು ಮುಖಗಳ ವಿಸ್ತಾರವನ್ನು ಗಣಿಸಿದರೆ ಸುಮಾರು 2,600 ಚದರ ಮೀಟರು, ಅರ್ಧ ಎಕರೆಗೂ ಹೆಚ್ಚು. ಪ್ಲಾಟಿನಮ್ಮಿನಂತಹ ದುಬಾರಿ ಲೋಹದ ಕಣಗಳನ್ನು ಇದರ ಮೇಲೆ ಹರಡಿದರೆ ಸ್ವಲ್ಪದರಿಂದಲೇ ಹೆಚ್ಚು ಕೆಲಸವಾಗುತ್ತದೆ. ಶುದ್ಧ ಗ್ರಾಫೀನ್ ತಾನಾಗಿ ಅಷ್ಟು ಚುರುಕಲ್ಲ. ಆದರೆ ಕೆಲವು ಇಂಗಾಲದ ಪರಮಾಣುಗಳ ಜಾಗದಲ್ಲಿ ಸಾರಜನಕವನ್ನೋ ಬೋರಾನನ್ನೋ ಕೂಡಿಸಿದರೆ ಲೋಹದ ಹಂಗಿಲ್ಲದೆಯೂ ಅದು ಕಾರ್ಯಪಟುವಾಗಬಲ್ಲದು.

ಈ ವಿದ್ಯೆ ನಮಗೆ ದೂರದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆಯನ್ನು ಓದಿ, 1951ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಯನ್ನು ಪಡೆದ ಭಾರತರತ್ನ ಸಿ.ಎನ್.ಆರ್. ರಾಯರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ಪದಾರ್ಥವನ್ನು ಕುರಿತು ದುಡಿದರು. ಬೋರಾನ್ ಮತ್ತು ಸಾರಜನಕಗಳನ್ನು ಸೇರಿಸಿದ ಗ್ರಾಫೀನನ್ನು ಕುರಿತು ಅವರ ತಂಡ 2009ರಲ್ಲಿ ಪ್ರಬಂಧ ಪ್ರಕಟಿಸಿತು. ಬೋರಾನ್, ಇಂಗಾಲ, ಸಾರಜನಕ ಮೂರೂ ಕೂಡಿದ ಪದರವಸ್ತುವು ನೀರಿನಿಂದ ಜಲಜನಕವನ್ನು ಬಿಡಿಸಲು ನೆರವಾಗುವುದೆಂದು 2016ರಲ್ಲಿ ತೋರಿಸಿತು.

ಹೀಗಿರುವಾಗ ಈ ವಿಷಯವನ್ನು ನಮ್ಮ ಬಾಲಕರಿಗೆ ಯಾವ ಮಾತಿನಲ್ಲಿ ಹೇಳಬೇಕು? ಗ್ರಾಫೀನ್ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಳ್ಳೋಣ; ಅದಕ್ಕೆ ಸಂಸ್ಕೃತದ ಉಡುಪು ತೊಡಿಸುವ ಅಗತ್ಯವಿಲ್ಲವೆಂದು ಪಂಡಿತವೃತ್ತಿಯವನಾದ ನಾನೇ ಹೇಳುತ್ತೇನೆ. ಆದರೆ ಅದು ಮಾಡುವ ಕಾರ್ಯವನ್ನು ಕನ್ನಡದಲ್ಲಿ ನಿಷ್ಕೃಷ್ಟವಾಗಿ ಹೇಳಲೇಬೇಕು. 'ಕ್ರಿಯಾವರ್ಧಕ', 'ವೇಗವರ್ಧಕ' ಎಂಬ ಎರಡು ಶಬ್ದಗಳು ಬಳಕೆಯಲ್ಲಿವೆ. ಇಂತಹ ವಸ್ತುವು ಕ್ರಿಯೆಯ ವೇಗವನ್ನು ಹೆಚ್ಚಿಸುವುದೇ ಹೊರತು ಕ್ರಿಯೆಯ ಸಮತೋಲವನ್ನು ಬದಲಿಸುವುದಿಲ್ಲ, ತಾನೂ ವ್ಯಯವಾಗುವುದಿಲ್ಲ. ಆದುದರಿಂದ 'ವೇಗವರ್ಧಕ'ವೇ ಯುಕ್ತ. ಮೊದಲನೆಯದನ್ನು ಕೇಳಿದ ವಿದ್ಯಾರ್ಥಿ ಫಲದ ಮೊತ್ತವೇ ಹೆಚ್ಚುವುದೆಂದು ಭಾವಿಸಿದರೆ ದೋಷ ಅವನದಲ್ಲ, ಶಬ್ದದ್ದು. 'ಆಮ್ಲಜನಕ'ವೂ ಇಂತಹುದೇ. ಆಮ್ಲಗಳೆಲ್ಲಕ್ಕೂ ಅದೇ ಮೂಲವೆಂಬ ಲಾವಾಸಿಯೇನ ತಪ್ಪು ನಂಬಿಕೆಯನ್ನು ನಾವು ಭಾಷಾಂತರಿಸಿಕೊಂಡೆವು.

ಹೈಸ್ಕೂಲಿನ ಮುಂದೆ ಎಲ್ಲವೂ ಇಂಗ್ಲಿಷಿನಲ್ಲಿರುವಾಗ ಈ ಶ್ರಮವೇಕೆಂದು ಕೆಲವರು ಕೇಳುತ್ತಾರೆ. ಇಂಗ್ಲಿಷು ಬೇಕು, ನಿಜ. ಆದರೆ ಅರ್ಥವಾಗದೆ ಕಂಠಪಾಠ ಮಾಡಿದ್ದು ಯಾವ ಭಾಷೆಯಲ್ಲಿದ್ದರೂ ವಿದ್ಯೆಯಾಗದು. ಮುಂದೆ ಓದದೆ ನಿಲ್ಲುವ ಮಕ್ಕಳಿಗಂತೂ ಶಾಲೆಯಲ್ಲಿ ಕೇಳಿದ ಕನ್ನಡವೇ ಜೀವಮಾನದ ವಿಜ್ಞಾನ.

ಪದನಿರ್ಮಾಣ ಮೈಸೂರಿಗೆ ಹೊಸತಲ್ಲ. ನಮ್ಮ ವಿಶ್ವವಿದ್ಯಾನಿಲಯವು 1946ರಲ್ಲಿಯೇ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದಿತು. ಆ ಕಾರ್ಯ ಅಲ್ಲಿಗೆ ಮುಗಿಯಿತೆಂದು ಭಾವಿಸಬಾರದು. ಪ್ರತಿಯೊಂದು ಶಾಲೆಯಲ್ಲಿಯೂ ವಿಜ್ಞಾನದ ಉಪಾಧ್ಯಾಯರೂ ಕನ್ನಡದ ಪಂಡಿತರೂ ತಿಂಗಳಿಗೊಮ್ಮೆ ಜೊತೆಯಾಗಿ ಕುಳಿತು ಹೊಸ ವಿಷಯವೊಂದನ್ನು ತಿಳಿಗನ್ನಡದಲ್ಲಿ ಎರಡು ಪುಟ ಬರೆಯಲಿ. ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಅದನ್ನು ತಿದ್ದಿಕೊಡಲಿ. ದಾನಿಗಳು ಮುದ್ರಣದ ವೆಚ್ಚವನ್ನು ವಹಿಸಲಿ. ಕಟ್ಟಡದ ಮೇಲೆ ಹೆಸರು ಕೆತ್ತಿಸುವುದಕ್ಕಿಂತ ಇದು ಅಲ್ಪವ್ಯಯದ ದಾನ. ಅದರ ಫಲವಾದರೋ ದೀರ್ಘಕಾಲದ್ದು. ಸೀಸದ ಕಡ್ಡಿಯನ್ನು ಹಿಡಿದ ಮಗುವಿಗೆ ಅದರಲ್ಲಿ ಸೀಸವಿಲ್ಲವೆಂಬುದನ್ನು ನಾಳೆಯೇ ತಿಳಿಸೋಣ. ಆರಂಭಕ್ಕೆ ಅಷ್ಟು ಸಾಕು.