ವಿಜ್ಞಾನ ಪ್ರಕಟಣೆಯೂ ಸರ್ಕಾರದ ಹೊಣೆಯೂ

ಪ್ರಜೆಗಳ ಹಣದಿಂದ ನಡೆಯುವ ಪ್ರಯೋಗಶಾಲೆಗಳಲ್ಲಿ ಕಂಡುಕೊಂಡ ವಿಷಯವು ಪ್ರಜೆಗಳಿಗೇ ತಿಳಿಯದೆ ಹೋದರೆ ಆ ಹಣವು ಅರ್ಧ ಮಾತ್ರ ಸದ್ವಿನಿಯೋಗವಾದಂತೆ. ಈ ತತ್ತ್ವವನ್ನು ಸರ್ಕಾರದವರು ಅರಿಯದವರಲ್ಲ. 1942ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ದೇಶದ ಕಚ್ಚಾ ಸಾಮಗ್ರಿಗಳ ಕೋಶವಾದ 'ವೆಲ್ತ್ ಆಫ್ ಇಂಡಿಯಾ'ದ ಮೊದಲ ಸಂಪುಟವನ್ನು 1948ರಲ್ಲಿ ಹೊರತಂದಿತು. ಹಿಂದಿಯಲ್ಲಿ 'ವಿಜ್ಞಾನ ಪ್ರಗತಿ'ಯನ್ನು 1952ರಲ್ಲಿಯೂ, ಇಂಗ್ಲಿಷಿನಲ್ಲಿ 'ಸೈನ್ಸ್ ರಿಪೋರ್ಟರ್' ಪತ್ರಿಕೆಯನ್ನು 1964ರಲ್ಲಿಯೂ ಆರಂಭಿಸಿತು. ವಿಜ್ಞಾನವನ್ನು ಓದಿ ಲೇಖನಿಯನ್ನೇ ವೃತ್ತಿಯಾಗಿ ಹಿಡಿದವರಿಲ್ಲದೆ ಇಂತಹ ಕಾರ್ಯವು ಸಾಗುವುದಿಲ್ಲ. ಸಂಶೋಧಕರ ಬರಹವನ್ನು ತಿದ್ದುವುದು, ಅಂಕಿಗಳನ್ನು ತಾಳೆನೋಡುವುದು, ಅರ್ಥ ಕೆಡದಂತೆ ಸಾಮಾನ್ಯರ ಮಾತಿಗಿಳಿಸುವುದು ಗುಮಾಸ್ತೆಯ ಕೆಲಸವಲ್ಲ. ಆದರೂ ಪ್ರಯೋಗಶಾಲೆಯನ್ನು ಬಿಟ್ಟವನು ಎರಡನೆಯ ದರ್ಜೆಯವನೆಂಬ ಭಾವನೆಯು ಇನ್ನೂ ಅಳಿದಿಲ್ಲ.

ಕನ್ನಡದ ಪಾಡೇನು? 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಎರಡೇ ವರ್ಷಗಳಲ್ಲಿ ಅದು ನಿಂತಿತು. ಪಂಡಿತರ ಉತ್ಸಾಹವೊಂದರಿಂದಲೇ ಪತ್ರಿಕೆಯು ಬಾಳದೆಂಬುದಕ್ಕೆ ಬೇರೆ ನಿದರ್ಶನವೇಕೆ? ಸರ್ಕಾರದ ಸಂಸ್ಥೆಗಳಿಗಾದರೂ ಸ್ಥಿರತೆಯುಂಟೇ ಎಂದರೆ, 1989ರಲ್ಲಿ ಹುಟ್ಟಿದ 'ವಿಜ್ಞಾನ ಪ್ರಸಾರ'ವು 2023ರಲ್ಲಿ ಮುಚ್ಚಲ್ಪಟ್ಟಿತು. ಸಂಸ್ಥೆಯೊಡನೆ ಅನುಭವಿಗಳೂ ಚದರಿದರೆ, ಮುಂದೆ ಬರುವವರು ಮತ್ತೆ ಮೊದಲಿನಿಂದ ಕಲಿಯಬೇಕಾಗುವುದು.

ಆದುದರಿಂದ ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಲ್ಲ ಪದವೀಧರರಿಗೆ ಸರ್ಕಾರದವರು ಖಾಯಂ ಹುದ್ದೆಗಳನ್ನೂ, ಸಂಶೋಧಕರಿಗೆ ಸಮನಾದ ವೇತನವನ್ನೂ ಬಡ್ತಿಯನ್ನೂ ಏರ್ಪಡಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ವರ್ಷಕ್ಕೊಮ್ಮೆ ಉತ್ಸವವನ್ನಾಚರಿಸಿ ಭಾಷಣ ಮಾಡಿದ ಮಾತ್ರಕ್ಕೆ ರೈತನ ಮನೆಗೆ ವಿಜ್ಞಾನವು ತಲುಪಲಾರದು. ದೀಪವನ್ನು ಹಚ್ಚಿದವರೇ ಎಣ್ಣೆಗೂ ಹೊಣೆಯಾಗಬೇಕು.