‘ನಿಮ್ಮಿಷ್ಟ’ ಅಂದರೆ ಹೂಂ ಅಂತಲೋ, ಉಹೂಂ ಅಂತಲೋ?

ಸೋದರಿಯರೇ, ಹಪ್ಪಳ, ಸಂಡಿಗೆ, ಹಳೇ ಸೀರೆಯಲ್ಲಿ ಹೊಲಿಯುವ ದಿಂಬಿನ ಚೀಲ ಎಂದೆಲ್ಲ ಬರೆಯುತ್ತಿದ್ದ ನಾನು ಈ ಸಲ ಮೋಟಾರು ಸೈಕಲ್ಲಿನ ವಿಷಯ ಹಿಡಿದು ಕೂತಿದ್ದೇನೆ ಎಂದರೆ ನಿಮಗೆ ನಗು ಬಂದೀತು. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ. ಇವತ್ತು ನಮ್ಮ ಮನೆಗೆ ಬಂದ ಪ್ರಶ್ನೆ ನಾಳೆ ನಿಮ್ಮ ಮನೆಯ ಹೊಸ್ತಿಲಿಗೂ ಬರಬಹುದು.

ನಮ್ಮವರು ತಿಪಟೂರಿನಲ್ಲಿ ಒಂದು ಸಹಕಾರ ಸಂಘದ ಗುಮಾಸ್ತರು. ಐವತ್ತಕ್ಕೆ ಕಾಲಿಟ್ಟಿದ್ದಾರೆ. ಹದಿನಾಲ್ಕು ವರ್ಷದಿಂದ ಅದೇ ಸ್ಪ್ಲೆಂಡರ್ ಬೈಕು, ಅದೇ ದಾರಿ. ಕಳೆದ ದೀಪಾವಳಿ ಮುಗಿದ ವಾರದಲ್ಲೇ ಅವರ ಪಕ್ಕದ ಮೇಜಿನ ಸ್ನೇಹಿತರು ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು ಐವತ್ತೆರಡು. ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಕೂತವರು ಒಂದೇ ಮಾತು ಹೇಳಿದರು: “ರಿಟೈರಾದ ಮೇಲೆ ಇಬ್ಬರೂ ಬೈಕಿನಲ್ಲಿ ಲಡಾಖಿಗೆ ಹೋಗೋಣ ಅಂತಿದ್ವಿ.” ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೆ ಇವರ ಮನಸ್ಸಿನಲ್ಲಿ ಲಡಾಖ್ ಇತ್ತು ಅನ್ನುವುದು ಆವತ್ತೇ ಗೊತ್ತಾದದ್ದು!

ಹದಿನೈದು ದಿನ ಕಳೆದಿರಬೇಕು. ಬೀರುವಿನಲ್ಲಿ ರೇಷನ್ ಕಾರ್ಡು ಹುಡುಕುವಾಗ ಒಂದು ಬಣ್ಣದ ಹಾಳೆ ಸಿಕ್ಕಿತು. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ 450 ಎನ್ನುವ ಗಾಡಿಯ ಚಿತ್ರ. ಕೇಳಿದೆ. ಇವರು ಮಗುವಿನ ಹಾಗೆ ಮುಖ ಕೆಂಪು ಮಾಡಿಕೊಂಡು, “ನೋಡೋಣ ಅಂತ ತಂದೆ, ತಗೊಳ್ಳೋದಾ?” ಅಂದರು. ನಾನು ಬೀರುವಿನ ಬಾಗಿಲು ಹಾಕಿ, “ನಿಮ್ಮಿಷ್ಟ” ಅಂದು ಅಡುಗೆಮನೆಗೆ ಹೋದೆ.

ಈ ‘ನಿಮ್ಮಿಷ್ಟ’ ಎಷ್ಟು ಚೂಪಾದ ಆಯುಧ ಅಂತ ನಿಮಗೆ ನಾನು ಹೇಳಬೇಕೇ? ಬೇಡ ಅಂದರೆ ಜಗಳ. ಬೇಕು ಅಂದರೆ ನಾಳೆ ಏನಾದರೂ ಆದಾಗ ನಮ್ಮ ತಲೆಗೆ. ‘ನಿಮ್ಮಿಷ್ಟ’ ಅಂದರೆ ಎರಡೂ ಇಲ್ಲ. ಮುಂದೆ ಬೇಕಾದಾಗ “ನಾನು ಆವತ್ತೇ ಹೇಳಿರಲಿಲ್ವಾ?” ಎನ್ನುವ ಅವಕಾಶವೂ ಉಳಿಯುತ್ತದೆ. ಇವರು ಆ ಹಾಳೆಯನ್ನು ಎಲ್ಲೋ ಇಟ್ಟುಬಿಟ್ಟರು. ಊಟಕ್ಕೆ ಕೂತಾಗ ಮಾತು ಕಡಿಮೆಯಾಯಿತು.

ಇದನ್ನು ಗಮನಿಸಿದವರು ನಮ್ಮ ಅತ್ತೆ. ಒಂದು ಮಧ್ಯಾಹ್ನ ಅವರೆಕಾಳು ಹಿದುಕುತ್ತಾ ಕೂತಿದ್ದಾಗ, “ಅಲ್ಲ ಕಣಮ್ಮಾ, ನೀನು ನಿಮ್ಮಿಷ್ಟ ಅಂದೆಯಲ್ಲ, ಅದು ಹೂಂ ಅಂತಲೋ ಉಹೂಂ ಅಂತಲೋ?” ಎಂದರು. ನಾನು ಸುಮ್ಮನಿದ್ದೆ. “ನಿಮ್ಮ ಮಾವನವರಿಗೆ ಯೆಜ್ಡಿ ಮೋಟಾರು ಸೈಕಲ್ಲು ತಗೋಬೇಕು ಅಂತ ಆಸೆ ಇತ್ತು. ಆಗ ಅದನ್ನ ನಮ್ಮ ಮೈಸೂರಲ್ಲೇ ಮಾಡೋರು. ನನ್ನ ಕೇಳಿದ್ರು. ನಾನೂ ನಿಮ್ಮಿಷ್ಟ ಅಂದೆ. ಕೊನೇವರೆಗೂ ಸೈಕಲ್ ತುಳಿದ್ರು. ನಾನು ಬೇಡ ಅಂದಿರಲಿಲ್ಲ ಕಣೆ. ಆದ್ರೆ ಈಗಲೂ ಆ ಗಾಡಿ ಸದ್ದು ಕೇಳಿದ್ರೆ ಮನಸ್ಸಿಗೆ ಒಂಥರಾ ಆಗುತ್ತೆ.”

ಆ ರಾತ್ರಿ ನಾನೇ ಇವರನ್ನು ಕೂರಿಸಿಕೊಂಡು, “ರೀ, ಆ ಹಾಳೆ ತೆಗೀರಿ. ಲೆಕ್ಕ ಹಾಕೋಣ. ಆಮೇಲೆ ಬಾಯಿಬಿಟ್ಟು ಹೂಂ ಅಂತೀನಿ, ಇಲ್ಲ ಉಹೂಂ ಅಂತೀನಿ” ಎಂದೆ.

ಮೊದಲು ದುಡ್ಡಿನ ಮಾತು. ಈ ಗಾಡಿ 2023ರ ನವೆಂಬರಿನಲ್ಲಿ ಬಂದಾಗ ಬೆಲೆ 2.69 ಲಕ್ಷದಿಂದ ಶುರು ಇತ್ತು. ಆಗ ಇಂಥ ಗಾಡಿಗೆ ಜಿ.ಎಸ್.ಟಿ., ಸೆಸ್ ಸೇರಿ ನೂರಕ್ಕೆ 31. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ಮೀರಿದ ಬೈಕುಗಳಿಗೆ ನೂರಕ್ಕೆ 40 ಆಯಿತು. ಅದಕ್ಕಿಂತ ಚಿಕ್ಕ ಬೈಕುಗಳಿಗೆ 28 ಇದ್ದದ್ದು 18ಕ್ಕೆ ಇಳಿಯಿತು. ಇದು 452 ಸಿ.ಸಿ. ಹಾಗಾಗಿ ನಾವು ವಿಚಾರಿಸಿದಾಗ ಬೆಲೆ ಮೂರು ಲಕ್ಷ ದಾಟಿತ್ತು. ಅಲ್ಲಿಗೇ ಮುಗಿಯಲಿಲ್ಲ. ಲಕ್ಷ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 18ರಂತೆ ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ಗೊತ್ತುಮಾಡಿದ ದರದಂತೆ ಸ್ಪ್ಲೆಂಡರಿನಂಥ ಗಾಡಿಗೆ ಅದು 3,851 ರೂಪಾಯಿಯಾದರೆ 350 ಸಿ.ಸಿ. ಮೀರಿದ್ದಕ್ಕೆ 15,117. ಎಲ್ಲ ಕೂಡಿಸಿದರೆ ಗಾಡಿ ರಸ್ತೆಗಿಳಿಯುವ ಹೊತ್ತಿಗೆ ನಾಲ್ಕು ಲಕ್ಷದ ಹತ್ತಿರ. ಹೆಲ್ಮೆಟ್ಟು, ಜಾಕೆಟ್ಟು, ಬ್ಯಾಗುಗಳು ಬೇರೆ. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ನಮ್ಮಲ್ಲಿ 2016ರಿಂದ ಕಡ್ಡಾಯ. ಅಂದರೆ ನನಗೂ ಒಂದು.

ನಮ್ಮ ಹತ್ತಿರ ಇದ್ದದ್ದು ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ ಐದು ಸಾವಿರದಂತೆ ಐದು ವರ್ಷ ಕಟ್ಟಿದ್ದು ಮೂರೂವರೆ ಲಕ್ಷದ ಹತ್ತಿರ ಆಗಿತ್ತು. ಪುಸ್ತಕ ನನ್ನ ಹೆಸರಿನಲ್ಲಿ. ಆದರೆ ದುಡ್ಡು ನನ್ನದೂ ಅಲ್ಲ, ಇವರದೂ ಅಲ್ಲ. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಮುಂದೆ ಓದುತ್ತೇನೆ ಎನ್ನುತ್ತಾಳೆ. ಇದನ್ನು ಇಬ್ಬರೂ ಒಂದೇ ಸಲ ನೆನೆಸಿಕೊಂಡೆವು ಅಂತ ಕಾಣುತ್ತೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಆದರೂ ಲೆಕ್ಕವೇ ಎಲ್ಲವೂ ಅಲ್ಲ. ನೋಡದೆ ಬೇಡ ಅನ್ನುವುದು ಸರಿಯಲ್ಲ ಎಂದು ಒಂದು ಭಾನುವಾರ ರೈಲಿನಲ್ಲಿ ತುಮಕೂರಿಗೆ ಹೋಗಿ ಗಾಡಿ ನೋಡಿ ಬಂದೆವು. ಅಲ್ಲಿದ್ದ ಹುಡುಗ ಬೇಸರಪಡದೆ ಎಲ್ಲ ವಿವರಿಸಿದ. ನನಗೆ ಅರ್ಥವಾದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ಮುಂದಿನ ಚಕ್ರ 21 ಇಂಚು, ಹಿಂದಿನದು 17. ಚಕ್ರ ದೊಡ್ಡದಾದಷ್ಟೂ ಹಳ್ಳಕ್ಕೆ ಬೀಳದೆ ಕಲ್ಲಿನ ಮೇಲೆ ಹತ್ತಿಳಿಯುತ್ತದೆ, ಎತ್ತಿನ ಗಾಡಿಯ ಚಕ್ರದ ಹಾಗೆ. ಗಾಡಿಯ ಹೊಟ್ಟೆಗೂ ನೆಲಕ್ಕೂ 230 ಮಿಲಿಮೀಟರ್ ಅಂತರ, ಅಂದರೆ ಒಂದು ಗೇಣು. ಟ್ಯಾಂಕಿಗೆ 17 ಲೀಟರ್ ಪೆಟ್ರೋಲು ಹಿಡಿಯುತ್ತದೆ. ಬಂಕುಗಳು ದೂರ ದೂರ ಇರುವ ಬೆಟ್ಟದ ದಾರಿಗೆ ಇವೆಲ್ಲ ಬೇಕು. ಸಂತೆಗೆ ಹೋಗಿ ಬರುವುದಕ್ಕೆ ಯಾವುದೂ ಬೇಡ.

ಆ ಎತ್ತರಕ್ಕೆ ತಕ್ಕಂತೆ ಸೀಟೂ ಎತ್ತರ, 825 ಮಿಲಿಮೀಟರ್. ನಮ್ಮ ಸ್ಪ್ಲೆಂಡರಿನದು 785. ಒಂದೂವರೆ ಇಂಚು ತಾನೇ ಅನ್ನಬೇಡಿ. ತೂಕ ನೋಡಿ: ಸ್ಪ್ಲೆಂಡರ್ 112 ಕಿಲೋ, ಇದು 196. ಐವತ್ತು ಕಿಲೋ ಅಕ್ಕಿಯ ನಾಲ್ಕು ಮೂಟೆ! ಐದಡಿ ನಾಲ್ಕಿಂಚಿನ ನಮ್ಮವರು ಹತ್ತಿ ಕೂತಾಗ ಎರಡು ಕಾಲಿನ ತುದಿಬೆರಳೂ ಮಾತ್ರ ನೆಲ ಮುಟ್ಟಿದವು. ತಗ್ಗಿನ ಸೀಟೂ ಬೇರೆ ಸಿಗುತ್ತದಂತೆ. ನಾನೂ ಹಿಂದೆ ಹತ್ತಿ ಕೂತೆ. ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಅಷ್ಟೆತ್ತರದಲ್ಲಿ ಕೂರುವುದು ಆಗದ ಮಾತು.

ಕೊಳ್ಳುವ ಮುಂಚೆ ಎರಡು ದಿನ ಓಡಿಸಿ ನೋಡಿ ಅಂತ ನನ್ನ ತಮ್ಮ ಹೇಳಿದ. ಬೆಂಗಳೂರಿನಲ್ಲಿ ಇದೇ ಗಾಡಿ ಬಾಡಿಗೆಗೆ ಸಿಗುತ್ತದೆ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರು ಕಂಡರೆ ಅದು ನಾವೇ ಓಡಿಸುವ ಬಾಡಿಗೆ ಗಾಡಿ ಅಂತ ತಿಳಿಯಿರಿ. ದಿನಕ್ಕೆ ಎರಡು ಸಾವಿರದಂತೆ ಇವರು ಒಂದು ಶನಿವಾರ ತಂದರು. ಭಾನುವಾರ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ನಾವಿಬ್ಬರೂ ಹೊರಟೆವು. ಅರಸೀಕೆರೆ, ಕಡೂರು ದಾಟಿ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ.

ನಿಜ ಹೇಳಲೇ? ನನಗೆ ತುಂಬಾ ಚೆನ್ನಾಗಿತ್ತು! ಗಾಳಿ, ದಾರಿಯುದ್ದಕ್ಕೂ ತೆಂಗಿನ ತೋಟ, ಮುಂದೆ ಇವರ ನೆಟ್ಟಗಿನ ಬೆನ್ನು. ಆ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕಡೂರಿನಲ್ಲಿ ಕಾಫಿ ಕುಡಿಯುವಾಗ, “ಅವನೂ ಇದ್ದಿದ್ರೆ...” ಅಂದು ಅಲ್ಲಿಗೇ ನಿಲ್ಲಿಸಿದರು.

ಕೆರೆಯ ಹತ್ತಿರ ಒಂದು ಇಳಿಜಾರಿನಲ್ಲಿ ಎದುರಿಗೆ ದನಗಳು ಬಂದವು. ಇವರು ನಿಲ್ಲಿಸಿ ಎಡಗಾಲು ಊರಲು ಹೋದರೆ ಅಲ್ಲಿ ನೆಲ ತಗ್ಗಾಗಿತ್ತು. ಕಾಲು ಎಟುಕಲಿಲ್ಲ. ಗಾಡಿ ನಿಧಾನವಾಗಿ, ಮುದಿ ಎಮ್ಮೆ ಮಲಗುವ ಹಾಗೆ, ವಾಲಿ ಮಲಗಿತು. ನಾವೂ ಜೊತೆಗೆ. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯದೇನೂ ತಪ್ಪಿಲ್ಲ, ನಮ್ಮ ಅಳತೆಗೆ ಅದು ದೊಡ್ಡದು. ಎತ್ತಲು ನಾವಿಬ್ಬರೂ ಹೆಣಗಿದೆವು, ಆಗಲಿಲ್ಲ. ದನ ಕಾಯುತ್ತಿದ್ದ ಇಬ್ಬರು ಹುಡುಗರು ಬಂದು ಕೈಹಾಕಿದ ಮೇಲೆ ಎದ್ದಿತು. ಆ ಹುಡುಗರಿಲ್ಲದ ಬೆಟ್ಟದ ದಾರಿಯಲ್ಲಿ ಇವರೊಬ್ಬರೇ ಇದ್ದಿದ್ದರೆ? ನಾನು ಬಾಯಿಬಿಟ್ಟು ಕೇಳಲಿಲ್ಲ. ಇವರೂ ಅದನ್ನೇ ಯೋಚಿಸುತ್ತಿದ್ದರು ಅಂತ ಮುಖ ಹೇಳುತ್ತಿತ್ತು.

ಮನೆಗೆ ಬಂದ ಮೇಲೆ ನಾನು ಕೊಟ್ಟ ಮಾತಿನಂತೆ ನೇರವಾಗಿ ಹೇಳಿದೆ: “ಗಾಡಿ ತಗೊಳ್ಳೋದು ಬೇಡ. ಆದರೆ ಲಡಾಖಿಗೆ ಹೋಗೋದು ರಿಟೈರ್ ಆದಮೇಲೆ ಅಲ್ಲ, ಬರುವ ಬೇಸಿಗೇಲೇ.” ವರ್ಷಕ್ಕೆ ಹನ್ನೆರಡು ದಿನ ಇಂಥ ಗಾಡಿ ಓಡಿಸಿದರೆ ಬಾಡಿಗೆ 24 ಸಾವಿರ. ನಾಲ್ಕು ಲಕ್ಷಕ್ಕೆ ಹದಿನಾರು ವರ್ಷ ಬಾಡಿಗೆಗೆ ತರಬಹುದು. ಲೇಹ್‌ನಲ್ಲೇ ಈ ಬೈಕುಗಳು ಬಾಡಿಗೆಗೆ ಸಿಗುತ್ತವೆ, ತಗ್ಗಿನ ಸೀಟಿನದನ್ನೇ ಕೇಳಿ ತೆಗೆದುಕೊಂಡರಾಯಿತು. ಒಬ್ಬರೇ ಅಲ್ಲ, ಕಚೇರಿಯ ಇಬ್ಬರು ಕಿರಿಯರ ಜೊತೆ. ಲೇಹ್ ಊರೇ 3,500 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲಿಗೆ ಹೋದವರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಬೇಕು. ಅದಕ್ಕೂ ಮುಂಚೆ ಡಾಕ್ಟರ ಹತ್ತಿರ ಹೃದಯ, ಬಿ.ಪಿ. ತೋರಿಸಬೇಕು ಅನ್ನುವುದು ನನ್ನ ಷರತ್ತು. ಸ್ನೇಹಿತರು ಹೋದಾಗಿನಿಂದ ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನನಗೆ ಬೇರೆ ಉಪಾಯ ಸಿಕ್ಕಿರಲಿಲ್ಲ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ!

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡ ಅಂದೆಯಲ್ಲ, ಅದೇ ವಾಸಿ. ನಿಮ್ಮಿಷ್ಟ ಅಂದಾಗ ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗ್ತಿರಲಿಲ್ಲ” ಎಂದರು.

ಸೋದರಿಯರೇ, ನಿಮ್ಮ ಮನೆಯಲ್ಲಿ ಗಂಡನೋ ಮಗನೋ ಇಂಥ ಗಾಡಿ ಕೇಳಿದರೆ ನಾಲ್ಕು ಪ್ರಶ್ನೆ ಹಾಕಿ. ಕೂತಾಗ ಎರಡೂ ಪಾದ ನೆಲಕ್ಕೆ ಊರುತ್ತವೆಯೇ? ವರ್ಷಕ್ಕೆ ಎಷ್ಟು ದಿನ ನಿಜವಾಗಿ ದೂರ ಹೋಗುತ್ತಾರೆ? ದುಡ್ಡು ಯಾರ ಪಾಲಿನದು? ಹಿಂದಿನ ಸೀಟಿನಲ್ಲಿ ನೀವೇ ಕೂತು ನೋಡಿದಿರಾ? ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಧಾರಾಳವಾಗಿ ಹೂಂ ಅನ್ನಿ, ಆರತಿ ಎತ್ತಿ ಗಾಡಿ ಮನೆ ತುಂಬಿಸಿಕೊಳ್ಳಿ. ಇಲ್ಲದಿದ್ದರೆ ಉಹೂಂ ಅನ್ನಿ. ‘ನಿಮ್ಮಿಷ್ಟ’ ಮಾತ್ರ ಬೇಡ.

ಈಗಲೂ ನಮ್ಮ ಬೀದಿಯಲ್ಲಿ ಆ ಗಾಡಿಯ ಸದ್ದಾದರೆ ಇವರು ಪೇಪರ್ ಇಳಿಸಿ ಕಿಟಕಿಯ ಕಡೆ ನೋಡುತ್ತಾರೆ. ನಾನೂ ನೋಡುತ್ತೇನೆ. ಆರ್.ಡಿ. ದುಡ್ಡು ಮಗಳ ಹೆಸರಿಗೆ ಹೋಯಿತು. ಇವರ ಹೆಸರಿನಲ್ಲಿ ತಿಂಗಳಿಗೆ ಎರಡು ಸಾವಿರದ ಹೊಸ ಪುಸ್ತಕ ಶುರುವಾಗಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳ ಒಂಬತ್ತು ದಿನಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಕೆಡದ ಹಾಗೆ ಚಟ್ನಿಪುಡಿ ಮಾಡಿ ಕಳಿಸಬೇಕು. ಕೊಬ್ಬರಿ ಹಾಕಿದರೆ ಬೇಗ ಕಮಟು ವಾಸನೆ ಬರುತ್ತದೆ, ಹಾಕದೆ ಮಾಡಿದರೆ ತಿಪಟೂರಿನವರಿಗೆ ಸೇರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಉಪಾಯ ಗೊತ್ತಿದ್ದರೆ ಬರೆದು ತಿಳಿಸಿ.