ಜೇನಿನ ಎರಿಯೂ ಕೃತಕ ಉಪಗ್ರಹವೂ

ಕೃತಕ ಉಪಗ್ರಹದ ಒಡಲನ್ನು ಜೇನಿನ ಎರಿಯ ಮಾದರಿಯಲ್ಲಿ ಕಟ್ಟುತ್ತಾರೆಂಬ ಸಂಗತಿ ಕಿವಿಗೆ ಬಿದ್ದೊಡನೆ, ಪ್ರಕೃತಿಯೇ ಎಲ್ಲವನ್ನೂ ಮಾಡಿಟ್ಟಿದೆ, ಮನುಷ್ಯನದು ಬರಿಯ ನಕಲು ಎಂದು ತೀರ್ಪು ಕೊಡುವ ಮಹನೀಯರು ನಮ್ಮ ನಡುವೆ ಕಡಮೆಯಿಲ್ಲ. ಈ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ನಾವೂ ಒಪ್ಪುತ್ತೇವೆ. ಉಳಿದರ್ಧದಲ್ಲಿ ದುಡಿಯುವ ಕೈಗಳಿಗೆ ಅನ್ಯಾಯವಾಗುತ್ತಿದೆ.

ಮೊದಲು ಸತ್ಯದ ಭಾಗ. ಸುಮಾರು 40 ಗ್ರಾಂ ಮೇಣದಿಂದ ಕಟ್ಟಿದ ಎರಿಯು ಎರಡು ಕಿಲೋಗ್ರಾಮಿನಷ್ಟು ಜೇನನ್ನು ಹೊರಬಲ್ಲದು. ಸಮತಲವನ್ನು ಸಮಾನ ಕೋಶಗಳಾಗಿ ಹಂಚಲು ಷಟ್ಕೋನಕ್ಕಿಂತ ಮಿತವ್ಯಯದ ಆಕಾರವಿಲ್ಲವೆಂದು ಪ್ರಾಚೀನರು ಊಹಿಸಿದ್ದುದನ್ನು ಗಣಿತಜ್ಞ ಥಾಮಸ್ ಹೇಲ್ಸ್ 1999ರಲ್ಲಿ ಸಾಧಿಸಿ ತೋರಿಸಿದರು. ಒಂದು ಕಿಲೋ ಭಾರವನ್ನು ಕಕ್ಷೆಗೇರಿಸಲು ಅದರ ಹಲವು ಮಡಿ ಇಂಧನವನ್ನು ಸುಡಬೇಕಾದ ರಾಕೆಟಿನವರಿಗೆ ಇದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಕ್ಕೀತು?

ಆದರೆ ಜೇನ್ನೊಣವು ಮೇಣ ಸ್ರವಿಸಿ ಕಟ್ಟುತ್ತದೆ; ಕಾರ್ಖಾನೆಯಲ್ಲಿ ಹಾಗಾಗದು. ಕಾಗದಕ್ಕಿಂತ ತೆಳುವಾದ ಅಲ್ಯೂಮಿನಿಯಮ್ ಹಾಳೆಗಳ ಮೇಲೆ ಅಂಟಿನ ಗೆರೆಗಳನ್ನೆಳೆದು, ಒಂದರ ಗೆರೆ ಇನ್ನೊಂದರ ಎರಡು ಗೆರೆಗಳ ನಡುವೆ ಬರುವಂತೆ ಪೇರಿಸಿ, ಕಾಯಿಸಿ, ಒತ್ತಿ, ಬಳಿಕ ಎರಡು ಬದಿಗಳಿಂದ ಎಳೆದರೆ, ಹಬ್ಬದ ಮಂಟಪದಲ್ಲಿ ಮಡಿಸಿಟ್ಟ ಕಾಗದದ ಅಲಂಕಾರ ಬಿಚ್ಚಿಕೊಳ್ಳುವಂತೆ ಷಟ್ಕೋನಗಳು ಅರಳುತ್ತವೆ. ಅದರ ಮೇಲೊಂದು ಕೆಳಗೊಂದು ತೆಳು ತಗಡನ್ನು ಅಂಟಿಸಿದರೆ ಫಲಕ ಸಿದ್ಧ. ಬಾಗಿಸುವ ಬಲವನ್ನು ತಗಡುಗಳು ತಾಳುತ್ತವೆ. ಅವೆರಡನ್ನೂ ಅಲುಗದಂತೆ ದೂರವಿರಿಸುವುದು ಒಳಗಿನ ಎರಿಯ ಕೆಲಸ. ಇನ್ನೊಂದು ಸೂಕ್ಷ್ಮವೂ ಇದೆ. ಕೋಶಗಳಲ್ಲಿ ಸಿಕ್ಕಿಬಿದ್ದ ಗಾಳಿಯು ನಿರ್ವಾತದಲ್ಲಿ ಹಿಗ್ಗಿ ತಗಡನ್ನೇ ಕಿತ್ತೀತೆಂದು ಕೋಶದ ಗೋಡೆಗಳಿಗೆ ಸೂಜಿಮೊನೆಯಂಥ ರಂಧ್ರಗಳನ್ನಿಡುತ್ತಾರೆ. ಯಾವ ಜೇನ್ನೊಣವೂ ಇದಕ್ಕಾಗಿ ತನ್ನ ಎರಿಗೆ ತೂತು ಕೊರೆಯದು!

ಕೋಶದೊಳಗೆ ಸಿಕ್ಕಿಬಿದ್ದ ಅನಿಲ ಏನು ಮಾಡಬಲ್ಲುದೆಂಬುದನ್ನು ಅಮೆರಿಕದವರು ಕಂಡುಂಡಿದ್ದಾರೆ. ಎಕ್ಸ್-33 ಎಂಬ ವ್ಯೋಮವಿಮಾನಕ್ಕಾಗಿ ದ್ರವ ಜಲಜನಕದ ತೊಟ್ಟಿಯೊಂದನ್ನು ಇದೇ ಎರಿಯ ನಮೂನೆಯಲ್ಲಿ, ಇಂಗಾಲದ ನಾರಿನ ಹೊದಿಕೆಗಳೊಡನೆ ಕಟ್ಟಿದ್ದರು. 1999ರ ನವೆಂಬರಿನ ಪರೀಕ್ಷೆಯಲ್ಲಿ ಅತಿಶೈತ್ಯದಿಂದ ಒಳಹೊದಿಕೆಯಲ್ಲಿ ಕೂದಲೆಳೆಯ ಬಿರುಕುಗಳೆದ್ದು ಅನಿಲವು ಕೋಶಗಳೊಳಗೆ ನುಸುಳಿತು. ತೊಟ್ಟಿಯನ್ನು ಬರಿದುಮಾಡಿದ ಮೇಲೆ ಬಿಸಿಯೇರಿ ಅದು ಹಿಗ್ಗಿದಾಗ ಹೊರಹೊದಿಕೆ ಸುಲಿದುಬಂತು. 2001ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ತಪ್ಪು ಷಟ್ಕೋನದ್ದಾಗಿರಲಿಲ್ಲ.

1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿಸಿದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರವು ಇಂದು ಕಟ್ಟುವ ಉಪಗ್ರಹಗಳ ಉಪಕರಣಗಳು ಕುಳಿತಿರುವುದು ಇಂಥ ಫಲಕಗಳ ಮೇಲೆಯೇ. ಅದೇ ಸೀಮೆಯಿಂದ ಹೊರಟು ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ಬೆವರು ಸುರಿಸುವ ನಮ್ಮವರು, ಮಗ ಇಂಜಿನಿಯರನಾಗದೆ ಐ.ಟಿ.ಐ. ಸೇರಿದನೆಂದು ನಾಲ್ವರೆದುರು ಹೇಳಿಕೊಳ್ಳಲು ಸಂಕೋಚಪಡುವುದನ್ನು ನಾವು ಬಲ್ಲೆವು. ಆ ಸಂಕೋಚ ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ಫಲಕದಲ್ಲಿ ಅಂಟು ಎಲ್ಲಿ ಹಿಡಿದಿಲ್ಲವೆಂದು ಅಂಗುಲಂಗುಲವಾಗಿ ಪರೀಕ್ಷಿಸುವುದು ಅಂಥ ಹುಡುಗರೇ ಕಲಿತು ಮಾಡಬಲ್ಲ ಕೆಲಸ; ಅಲ್ಲಿ ಕಣ್ಣು ತಪ್ಪಿದರೆ, ಕಕ್ಷೆಗೇರಿದ ಫಲಕವನ್ನು ಇಳಿಸಿ ದುರಸ್ತಿ ಮಾಡುವಂತಿಲ್ಲ.